ಅಳುತ್ತ ಬಂದ ಗೌರಿ

ಹೋದ ಗುರುವಾರ ಬೆಳಿಗ್ಗೆ ನಮ್ಮ ಮನೆಗೆ ಗೌರಿ ಅಳುತ್ತ ಬಂದಳು.

ತಾನಾಗಿ ಬರಲಿಲ್ಲ. ಹಳೆಯ ಧೋತರದಲ್ಲಿ ಸುತ್ತಿಸಿಕೊಂಡು, ಕಿನ್ನಾಳದ ಹನುಮಪ್ಪನ ತೊಡೆಯ ಮೇಲೆ ಕೂತು, ಚಕ್ಕಡಿಯಲ್ಲಿ ಕೊಪ್ಪಳದ ತನಕ ಬಂದಿದ್ದಳು. ಹನುಮಪ್ಪ ಕಟ್ಟಿಗೆಯ ಗೊಂಬೆ ಮಾಡುವವನು. ಮೂರು ತಲೆಮಾರಿನಿಂದ ಅವರ ಮನೆಯ ಗೌರಿ ಎಂದರೆ ಸುತ್ತಲಿನ ಊರುಗಳಲ್ಲಿ ದೊಡ್ಡ ಹೆಸರು. ಅವನು ನಮ್ಮ ಪಡಸಾಲೆಯಲ್ಲಿ ಕೂತು ಧೋತರ ಬಿಚ್ಚಿದ. ನಾನು ಚಹಾದ ಬಟ್ಟಲು ಕೆಳಗಿಟ್ಟೆ.

ಮೂಗುತಿ ಇದೆ. ಹಸಿರು ಸೀರೆ ಇದೆ. ಕೈತುಂಬ ಬಳೆ ಇವೆ. ಆದರೆ ಮುಖ? ಹುಬ್ಬು ಜಾರಿವೆ, ಕಣ್ಣು ತುಂಬಿವೆ, ತುಟಿ ಇನ್ನೇನು ನಡುಗಬೇಕು. ಆಗಷ್ಟೇ ಅತ್ತೆ ಮನೆಯಿಂದ ಹೊರಗೆ ಹಾಕಿದ ಹೆಣ್ಣುಮಗಳ ಮುಖ.

"ನೋಡ್ರಿ ಸಾಹೇಬ್ರ, ಇದು ನಿಮ್ಮ ಕೆಲಸ," ಎಂದ ಹನುಮಪ್ಪ.

"ನಾನೇನು ಬಣ್ಣ ಹಚ್ಚೀನೇನಪಾ?"

"ಬಣ್ಣ ನಾ ಹಚ್ಚೀನ್ರಿ. ಪುಸ್ತಕ ಹೇಳಿದವ್ರು ಯಾರ್ರೀ?"

ನಿಮಗೂ ನೆನಪಿರಬೇಕು. ದಸರೆಗೆ ಮುಂಚೆ ಈ ಪತ್ರಿಕೆಯ ಇದೇ ಅಂಕಣದಲ್ಲಿ ಮೂರು ಹೊಸ ಕಾದಂಬರಿಗಳನ್ನು ಹೊಗಳಿ ಬರೆದಿದ್ದೆ. ಒಂದು ಡಿಟೆಕ್ಟಿವ್, ಒಂದು ಐತಿಹಾಸಿಕ, ಒಂದು ಸಾಂಸಾರಿಕ. (ಹೆಸರು ಮತ್ತೆ ಹೇಳುವುದಿಲ್ಲ. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ.) ಮೂರನೆಯದರ ಬಗ್ಗೆ ನನ್ನ ಮಾತು ಹೀಗಿತ್ತು: 'ನಡುವೆ ಎರಡು ಹನಿ ಕಣ್ಣೀರು, ಕೊನೆಗೆ ಮನಸ್ಸು ಹಗುರ. ಮನೆಮಂದಿಯೆಲ್ಲ ಕೂಡಿ ಓದಿರಿ, ಗ್ಯಾರಂಟಿ.'

ಗ್ಯಾರಂಟಿ ಎಂಬ ಶಬ್ದ ಯಾಕೆ ಹಾಕಿದೆನೋ! ಸಾಲಿನ ಕೊನೆಗೆ ಜಾಗ ಉಳಿದಿತ್ತು, ಹಾಕಿದೆ.

ಹನುಮಪ್ಪನ ಮನೆಯಲ್ಲಿ ಎಲ್ಲರ ಕೈಗೂ ಕೆಲಸ, ಕಿವಿಗೆ ಮಾತ್ರ ಬಿಡುವು. ಒಬ್ಬರು ಕಟ್ಟಿಗೆ ಕೆತ್ತುತ್ತಾರೆ, ಒಬ್ಬರು ಹುಣಸೆ ಬೀಜದ ಅಂಟು ಅರೆಯುತ್ತಾರೆ, ಒಬ್ಬರು ಬಣ್ಣ ಕಲಸುತ್ತಾರೆ. ಈಚೆಗೆ ಅವರಿಗೊಂದು ಭಾಗ್ಯ ಬಂತು. ಸೊಸೆ ಶಾಂತವ್ವ. ಗದಗಿನ ಹುಡುಗಿ, ಕನ್ನಡ ನಾಲ್ಕನೇ ಇಯತ್ತೆ ಪಾಸು. ನಮ್ಮ ಸೀಮೆಯಲ್ಲಿ ಸರಕಾರದ ಭಾಷೆ ಉರ್ದು; ಸಾಲೆಯಲ್ಲಿ ಅದನ್ನೇ ಕಲಿತ ಗಂಡಸರು ಸರಕಾರಿ ಕಾಗದ ಗಡಗಡ ಓದುತ್ತಾರೆ, ಕನ್ನಡ ಪುಸ್ತಕ ಕೊಟ್ಟರೆ ಹೆಂಡತಿಯ ಮುಖ ನೋಡುತ್ತಾರೆ. ಹಾಗಾಗಿ ಆ ಮನೆಯಲ್ಲಿ ಶಾಂತವ್ವ ಓದುತ್ತಾಳೆ, ಉಳಿದವರು ಕೇಳುತ್ತ ಕೆಲಸ ಮಾಡುತ್ತಾರೆ. ಪುಸ್ತಕಗಳನ್ನು ಗದಗಿನಿಂದ ರೈಲಿನಲ್ಲಿ ತರಿಸಿ ಅವರಿಗೆ ಮುಟ್ಟಿಸಿದವನೂ ನಾನೇ. ಆವತ್ತು ಬಹಳ ಪುಣ್ಯ ಕಟ್ಟಿಕೊಂಡೆ ಎಂದು ಬೀಗಿದ್ದೆ.

ಆದರೆ ಕಿವಿಗೆ ಬಿದ್ದದ್ದು ಕೈಗೆ ಇಳಿಯುತ್ತದೆ ಎಂದು ನನಗೇನು ಗೊತ್ತಿತ್ತು? ಡಿಟೆಕ್ಟಿವ್ ಓದಿದ ವಾರ ಹನುಮಪ್ಪನ ಕಟ್ಟಿಗೆಯ ಗಿಳಿಗಳೆಲ್ಲ ಓರೆಗಣ್ಣಿನಿಂದ ಒಂದನ್ನೊಂದು ನೋಡತೊಡಗಿದವು. ಗಂಗಾವತಿಯ ಸಂತೆಯಲ್ಲಿ ಮಕ್ಕಳು ಅವನ್ನೇ ಹಟ ಮಾಡಿ ಕೊಂಡರಂತೆ. ಐತಿಹಾಸಿಕ ಓದಿದ ವಾರ ಬಾಲಕೃಷ್ಣನ ಗೊಂಬೆಗೂ ಮೀಸೆ ಬರುವುದರಲ್ಲಿತ್ತು, ಹನುಮಪ್ಪನ ತಾಯಿ ತಿಮ್ಮವ್ವ ಕೈ ಹಿಡಿದು ತಡೆದಳು. ಮೂರನೆಯ ಕಾದಂಬರಿಯಲ್ಲಿ ನರ್ಮದೆ ಎಂಬ ಬಡವಿಯನ್ನು ಅತ್ತೆ ಕೈಗೂಸಿನ ಸಮೇತ ಮನೆಯಿಂದ ಹೊರಗೆ ನೂಕುತ್ತಾಳೆ. ಅಲ್ಲಿಗೆ ಬಂದಾಗ ಶಾಂತವ್ವ ಪುಸ್ತಕ ಮುಚ್ಚಿದಳು. 'ಆಕಿ ಸಾಯ್ತಾಳ, ನನಗ ಗೊತ್ತೈತಿ, ನಾ ಮುಂದ ಓದಂಗಿಲ್ಲ' ಎಂದುಬಿಟ್ಟಳು. ಮನೆಯವರೆಲ್ಲ ಕಣ್ಣೊರೆಸಿಕೊಂಡರು. ಅದೇ ಹೊತ್ತಿನಲ್ಲಿ ಹನುಮಪ್ಪ ಗೌರಿಯ ಕಣ್ಣು ಬರೆಯುತ್ತಿದ್ದ.

"ಅಳಿಸಿ ಮತ್ತ ಬರೀಬೇಕಿಲ್ಲೋ?" ಎಂದೆ.

"ಎರಡ ಸಲ ಬರದ್ನಿರಿ. ಎರಡೂ ಸಲ ಅತ್ತಳು. ನರ್ಮದಿ ಮುಂದ ಏನಾದ್ಲು ಅಂತ ತಿಳಿಯೂತನಕ ಈ ಕೈ ನಗಂಗಿಲ್ರಿ."

ಗೌರಿ ಕುಷ್ಟಗಿಯ ಶೆಟ್ಟರ ಮನೆಗೆ ಹೋಗಬೇಕಾದವಳು. ಅವರ ಮಗಳಿಗೆ ಈ ವರ್ಷ ಮದುವೆಯಾಗಿದೆ, ಇದು ಮೊದಲನೆಯ ಗೌರಿ ಹುಣ್ಣಿಮೆ. ಬೀಗರು ಸಕ್ಕರೆ ಅಚ್ಚಿನ ಗೊಂಬೆಗಳ ಆರತಿ ಹಿಡಿದು ಬರುತ್ತಾರೆ. ಶನಿವಾರ ಶೆಟ್ಟರು ಗೊಂಬೆ ಒಯ್ಯಲು ಕಿನ್ನಾಳಕ್ಕೆ ಬರುವವರಿದ್ದರು.

"ಹೊಸ ಮದಲಗಿತ್ತಿ ಮುಂದ ಅಳೋ ಗೌರಿನ್ನ ಇಡತಾರೇನ್ರಿ? ಅಪಶಕುನ ಅಂತ ಒದರ್ಯಾಡ್ತಾರ. ಒಂದ ಸಲ ಹಂಗ ಹೆಸರು ಬಂತಂದ್ರ ನಮ್ಮ ಮನಿ ಗೌರಿನ್ನ ಮತ್ತ ಯಾರು ಒಯ್ತಾರ್ರಿ?" ಹನುಮಪ್ಪನ ದನಿ ಗೌರಿಯ ಮುಖದಷ್ಟೇ ಕೆಟ್ಟಿತ್ತು. "ನೀವ ಬಂದು ಓದ್ರಿ. ಕಡೀಕ ಮನಸ್ಸು ಹಗರ ಅಕ್ಕೈತಿ ಅಂತ ಬರದೀರಲ್ಲ. ನಿಮಗ ಗೊತ್ತೈತಲ್ಲ."

ಅಡುಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. "ಆ ಪುಸ್ತಕಾ ನೀವು ಪೂರಾ ಓದೀರಿಲ್ರೀ?"

"ಓದಲಾರದ ಯಾರರ ಬರೀತಾರೇನ?" ಎಂದೆ, ಸ್ವಲ್ಪ ಜೋರಾಗಿಯೇ.

(ಅರವತ್ತು ಪುಟ ಓದಿದ್ದೆ. ಅಷ್ಟರಲ್ಲಿ ಎಡಿಟರರ ಕಾರ್ಡು ಬಂತು, ಬುಧವಾರದೊಳಗೆ ಬರಹ ಬೇಕು ಎಂದು. ಅರವತ್ತನೆಯ ಪುಟದಲ್ಲಿ ನರ್ಮದೆ ರಂಗೋಲಿ ಹಾಕುತ್ತ ಸುಖವಾಗಿದ್ದಳು. ಕೊನೆಗೂ ಹಾಗೇ ಇರುತ್ತಾಳೆ ಎಂದುಕೊಂಡೆ.)

ನಗಬೇಡಿ. ಕಣ್ಣಿಂದ ನೋಡದ ವರನನ್ನು 'ಬಂಗಾರದಂಥ ಹುಡುಗ' ಎಂದು ಹೇಳಿ ಮದುವೆ ಮಾಡಿಸಿದವರು ನಿಮ್ಮಲ್ಲಿ ಯಾರೂ ಇಲ್ಲವೇ? ತಾವು ಎಂದೂ ಕುಡಿಯದ ಕಷಾಯವನ್ನು ನೆರೆಮನೆಯ ಕೆಮ್ಮಿಗೆ ಹೇಳಿದವರು? ಹೊಗಳುವುದಕ್ಕೆ ಖರ್ಚಿಲ್ಲ ನೋಡಿ, ಅದಕ್ಕೇ ನಾವೆಲ್ಲ ಧಾರಾಳಿಗಳು.

ಕಚೇರಿಗೆ ಹೊಟ್ಟೆನೋವೆಂದು ಉರ್ದುವಿನಲ್ಲಿ ಚೀಟಿ ಬರೆದು ಕಳಿಸಿ ಚಕ್ಕಡಿ ಹತ್ತಿದೆ. ಕಿನ್ನಾಳ ಮುಟ್ಟುವ ಹೊತ್ತಿಗೆ ಹೊಟ್ಟೆ ನಿಜವಾಗಿಯೂ ನೋಯುತ್ತಿತ್ತು. ದಾರಿಯಲ್ಲೇ ಕೊನೆಯ ಪುಟ ನೋಡಿಕೊಳ್ಳೋಣವೆಂದರೆ ಪುಸ್ತಕ ಶಾಂತವ್ವನ ಹತ್ತಿರ ಉಳಿದಿತ್ತು.

ಎಲ್ಲರೂ ಕಾಯುತ್ತಿದ್ದರು. ನನಗೆ ಗೋಡೆಯ ಪಕ್ಕ ಕಂಬಳಿ ಹಾಸಿದ್ದರು. ತಿಮ್ಮವ್ವ ಮೂಲೆಯಲ್ಲಿ ಅಂಟು ಅರೆಯುತ್ತಿದ್ದಳು. ಶಾಂತವ್ವ ಪುಸ್ತಕ ಕೊಟ್ಟು ಬಾಗಿಲ ಹಿಂದೆ ನಿಂತಳು. ಕೇಳುವುದಿಲ್ಲ ಎಂದಿದ್ದಳು, ಆದರೆ ದೂರವೂ ಹೋಗಲಿಲ್ಲ. ಹನುಮಪ್ಪ ಗೌರಿಯ ಹಳೆಯ ಕಣ್ಣು ಒರೆಸಿ, ಮುಖಕ್ಕೆ ಬಣ್ಣ ಹಚ್ಚಿ ಒಣಗಿಸಿ, ಹೊಸ ಕಣ್ಣಿಗೆ ತಯಾರಾಗಿ ಕೂತ.

ಓದಿದೆ. ಮಧ್ಯಾಹ್ನದ ಊಟಕ್ಕೆ ಮಾತ್ರ ಎದ್ದೆ. ಸುಳ್ಳು ಯಾಕೆ ಹೇಳಲಿ, ಕಾದಂಬರಿ ಫಸ್ಟ್ ಕ್ಲಾಸ್ ಇತ್ತು. ನರ್ಮದೆ ಮಂದಿಯ ಮನೆಯಲ್ಲಿ ಮುಸುರೆ ತಿಕ್ಕಿದಳು, ಮಗುವಿಗೆ ಜ್ವರ ಬಂತು, ಗಂಡ ಊರೂರು ಹುಡುಕುತ್ತ ಹೊರಟ. ನಾನೇ ಎರಡು ಸಲ ಓದು ನಿಲ್ಲಿಸಿ ಕಣ್ಣೊರೆಸಿಕೊಂಡೆ. ಇಂಥದ್ದನ್ನು ಅರವತ್ತು ಪುಟಕ್ಕೆ ಬಿಟ್ಟೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ಅಧ್ಯಾಯಕ್ಕೆ ಬಂದೆ. ಗಂಡ ಬಾಗಿಲು ತಟ್ಟುತ್ತಾನೆ. ಹನುಮಪ್ಪ ಕುಂಚಕ್ಕೆ ಕಪ್ಪು ಹಚ್ಚಿ ಎತ್ತಿದ. ನನ್ನ ಕಣ್ಣು ನಾಲಿಗೆಗಿಂತ ನಾಲ್ಕು ಸಾಲು ಮುಂದಿತ್ತು. ಅಲ್ಲಿ ನರ್ಮದೆ ಸತ್ತುಹೋಗಿದ್ದಳು.

"ಮುಂದ?" ಎಂದ ಹನುಮಪ್ಪ. ಕುಂಚ ಗೌರಿಯ ಮುಖದಿಂದ ಒಂದು ಬೆರಳು ದೂರದಲ್ಲಿತ್ತು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ನಾನು ನರ್ಮದೆಯನ್ನು ಎಬ್ಬಿಸಿದೆ. ಬಾಗಿಲು ತೆರೆಸಿದೆ. ಗಂಡನಿಂದ ತಪ್ಪಾಯಿತು ಎನ್ನಿಸಿದೆ, ಮಗುವಿನ ಜ್ವರ ಇಳಿಸಿದೆ. ಅತ್ತೆಯನ್ನು ಬರಿಗಾಲಲ್ಲಿ ಓಡಿಸಿಕೊಂಡು ಬಂದು ಸೊಸೆಯನ್ನು ತಬ್ಬಿಸಿದೆ. ಹನುಮಪ್ಪನ ಕೈ ಮೆಲ್ಲಗೆ ಓಡುತ್ತಿತ್ತು. ಹುಬ್ಬು ಮೇಲೆದ್ದವು. ಅದನ್ನು ನೋಡಿ ನನಗೆ ಇನ್ನೂ ಹುರುಪು ಬಂತು. ಊರಿಗೆಲ್ಲ ಊಟ ಹಾಕಿಸಿದೆ. ಮಗುವಿಗೆ ಕಿನ್ನಾಳದಿಂದ ಬಣ್ಣದ ತೊಟ್ಟಿಲೂ ತರಿಸಿದೆ. (ಕಾದಂಬರಿ ನಡೆಯುವುದು ಸಮುದ್ರದ ದಂಡೆಯ ಊರಿನಲ್ಲಿ. ಇರಲಿ.) ಕೊನೆಗೆ ಗೌರಿಯ ಕಣ್ಣು ತೆರೆಯಿತು. ಗೌರಿ ನಗುತ್ತಿದ್ದಳು. ಹನುಮಪ್ಪ ಕುಂಚ ಕೆಳಗಿಟ್ಟು ಕೈ ಮುಗಿದ. ನಾನು ಪುಸ್ತಕ ಮುಚ್ಚಿದೆ.

ಆಗ ಮೂಲೆಯಿಂದ ತಿಮ್ಮವ್ವ ಬಾಯಿ ಬಿಟ್ಟಳು.

"ತಮ್ಮಾ, ನನಗ ಅಕ್ಷರ ಬರಂಗಿಲ್ಲ. ಆದ್ರ ನೀ ಓದಾಕ ಕುಂತಾಗಿಂದ ನೋಡಾಕ್ಹತ್ತೀನಿ, ಒಂದೀಟು ಓದೂದು, ಹಾಳಿ ತಿರುವೂದು. ಕಡೀಕ ಇಷ್ಟೊತ್ತು ಓದಿದಿ, ಒಂದ ಹಾಳಿನೂ ತಿರುವಲಿಲ್ಲಲ್ಲ?"

ಎಲ್ಲರೂ ನನ್ನ ಕಡೆ ನೋಡಿದರು. ಬಾಗಿಲ ಹಿಂದಿನಿಂದ ಶಾಂತವ್ವ ಬಂದು ಪುಸ್ತಕ ಕಸಿದುಕೊಂಡು ಕೊನೆಯ ಹಾಳೆ ತೆರೆದಳು. ಎರಡು ಸಾಲು ಓದಿ, "ನಾ ಅಂದಿದ್ದಿಲ್ಲೇನ್ರಿ? ಇದನ್ನ ಬರದಾಂವನ ಕೈ ಸೇದಿ ಹೋಗ್ಲಿ!" ಎಂದು ಅತ್ತಳು. ಇನ್ನು ಮುಚ್ಚಿಡುವುದೇನು? ಅರವತ್ತು ಪುಟದ ಕಥೆಯನ್ನೂ ಹೇಳಿಬಿಟ್ಟೆ. ನಾಚಿಕೆಯಾಯಿತು, ನಿಜವಾಗಿಯೂ ಆಯಿತು.

"ಯವ್ವಾ, ಗೊತ್ತಿದ್ರ ಆಗ ಯಾಕ ಕೇಳಲಿಲ್ಲ?" ಎಂದ ಹನುಮಪ್ಪ.

"ಗೌರವ್ವ ಕಣ್ಣು ತಗಿಯೂತನಕ ಸುಮ್ನ ಇರಬೇಕಲ್ಲೋ," ಎಂದಳು ತಿಮ್ಮವ್ವ. ಆಮೇಲೆ ನನ್ನ ಕಡೆ ತಿರುಗಿದಳು. "ಬರದಾಂವ ಕೊಂದ, ನೀ ಉಳಿಸಿದಿ. ಅದರಾಗ ತಪ್ಪಿಲ್ಲ. ಓದಲಾರದ ಊರಿಗೆಲ್ಲ ಓದ್ರಿ ಅಂತ ಸಾರಿದ್ಯಲ್ಲ, ಅದು ತಪ್ಪು. ಇನ್ನ ಮ್ಯಾಲ ಕಡೀತನಕ ಓದು, ಆಮ್ಯಾಲ ಹೇಳು."

ತಲೆಬಾಗಿದೆ. ಆದ್ದರಿಂದ ಇನ್ನು ಮೇಲೆ ಎಷ್ಟು ಓದಿದ್ದೇನೆ ಎಂಬುದನ್ನೂ ಇಲ್ಲಿ ಬರೆಯುವೆ. ಆ ಡಿಟೆಕ್ಟಿವ್ ಕಾದಂಬರಿ ಓದಿ: ಕೊಲೆಗಾರ ಯಾರೆಂದು ನನಗೆ ಕೊನೆಯ ತನಕ ಹೊಳೆಯಲಿಲ್ಲ, ಹೆಂಡತಿಗೆ ಹತ್ತನೆಯ ಪುಟದಲ್ಲೇ ಹೊಳೆಯಿತು. ಐತಿಹಾಸಿಕವನ್ನೂ ಓದಿ: ಯುದ್ಧಗಳನ್ನು ನಾನು ಹಾರಿಸಿದ್ದೇನೆ, ರಾಣಿಯ ಮಾತು ಒಂದನ್ನೂ ಬಿಟ್ಟಿಲ್ಲ. ಮೊನ್ನೆ ಬಂದ ಒಂದು ಹಾಸ್ಯ ಕಾದಂಬರಿಯನ್ನು ಎರಡು ಸಲ ಪೂರಾ ಓದಿದ್ದೇನೆ, ಕಚೇರಿಯಲ್ಲಿ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಶನಿವಾರ ಕುಷ್ಟಗಿಯ ಶೆಟ್ಟರು, ಅವರ ಹೆಂಡತಿ, ಗೌರಿ ಮೂವರೂ ವಾಪಸ್ಸು ಹೋಗುವಾಗ ನಮ್ಮ ಮನೆ ಮುಂದೆ ಚಕ್ಕಡಿ ನಿಲ್ಲಿಸಿದರು.

"ಗೌರವ್ವನ ಮುಖದಾಗ ಏನ್ ನಗಿರಿ ಇದು!" ಎಂದರು ಶೆಟ್ಟರ ಹೆಂಡತಿ. "ಸಾಹೇಬ್ರು ಒಂದು ಪುಸ್ತಕ ಓದಿದ್ರು, ಅದನ್ನ ಕೇಳ್ಕೋಂತ ಬರದ್ನಿ ಅಂದ ಹನುಮಪ್ಪ. ಆ ಪುಸ್ತಕ ನಮ್ಮ ಮಗಳಿಗೆ ಬೇಕ್ರಿ. ಆಕಿಗೆ ಕನ್ನಡ ಓದಾಕ ಬರತೈತಿ. ಹುಣ್ಣಿವಿ ದಿನ ಆರತಿ ಜೋಡಿ ಉಡಿಯಾಗ ಇಡ್ತೀವಿ."

ಅಡುಗೆಮನೆಯಲ್ಲಿ ನನ್ನ ಹೆಂಡತಿ ಕೆಮ್ಮಿದಳು. ಪುಸ್ತಕ ಕಿನ್ನಾಳದಿಂದ ಬರಬೇಕು, ಬಂದೊಡನೆ ಕೊಡುತ್ತೇನೆ ಎಂದು ಹೇಳಿ ಕಳಿಸಿದೆ.

ಪುಸ್ತಕ ಈಗ ನನ್ನ ಮೇಜಿನ ಮೇಲಿದೆ. ನಾಡಿದ್ದು ಹುಣ್ಣಿಮೆ, ನಾಳೆ ಬೆಳಿಗ್ಗೆಯೇ ಶೆಟ್ಟರ ಆಳು ಬರುತ್ತಾನೆ. ನೀವೇ ಹೇಳಿ, ಕೊನೆಯ ಎರಡು ಹಾಳೆ ಹರಿದು ಕೊಟ್ಟರೆ ನನಗೆ ಪಾಪ ಹತ್ತುತ್ತದೆಯೇ?