ಬಯಕೆಯ ಮಣ್ಣು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಯಾರೇನು ಕೇಳಿದರೂ ಇದ್ದದ್ದು ಇದ್ದ ಹಾಗೆ ಹೇಳಿಬಿಡುವ ಬಾಯಿ ನನ್ನದು. ಅಂಥವಳು ಚೊಚ್ಚಲ ಬಸುರಿಯಾಗಿದ್ದಾಗ ಎರಡು ತಿಂಗಳು ಒಂದು ಸುಳ್ಳನ್ನು ಕಟ್ಟಿಕೊಂಡು ಓಡಾಡಿದೆ. ನಾನು ಗೋಡೆ ತಿನ್ನುತ್ತಿದ್ದೆ.

ನಗಬೇಡಿ. ಕೊಂಡ್ಲಹಳ್ಳಿಯ ನಮ್ಮ ಮನೆಯ ಮುಂಭಾಗ ಸಿಮೆಂಟಿನದು, ಹಿಂದಿನ ಕೋಣೆ ಮಾತ್ರ ಹಳೇ ಮಣ್ಣಿನ ಗೋಡೆಯದು. ಶೇಂಗಾ ಮೂಟೆ, ಕಾಳು ತುಂಬುವ ಆಳೆತ್ತರದ ಮಣ್ಣಿನ ವಾಡೆ, ಎಲ್ಲ ಅಲ್ಲೇ. ತಂಪಾಗಿರುತ್ತದೆ ಅಂತ ನನ್ನ ಮಂಚವನ್ನೂ ಅಲ್ಲೇ ಹಾಕಿದ್ದರು. ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ರೂಢಿ. ಚಳ್ಳಕೆರೆಯಲ್ಲಿ ನನಗೆ ತವರೇನೋ ಇತ್ತು, ಅವ್ವ ಇರಲಿಲ್ಲ. ಅತ್ತೆಯೇ ಕೈ ಹಿಡಿದುಕೊಂಡು, "ನಾನೇ ನಿಮ್ಮವ್ವ ಅನ್ಕ. ಎಲ್ಲಿಗೂ ಹೋಗಬ್ಯಾಡ" ಅಂದರು. ಆ ಮಾತಿಗೆ ನಾನು ಅತ್ತುಬಿಟ್ಟಿದ್ದೆ.

ಆರು ವರ್ಷದ ಹಿಂದೆ ಅದೇ ಕೋಣೆಯಲ್ಲಿ ನನ್ನ ನಾದಿನಿ ಇದ್ದಳು. ಅತ್ತೆಗೆ ಒಬ್ಬಳೇ ಮಗಳು. ಹೆರಿಗೆಗೆಂದು ತವರಿಗೆ ಬಂದವಳು, ಮೈಯಲ್ಲಿ ರಕ್ತವೇ ಇಲ್ಲದೆ ಹೆರಿಗೆಯಲ್ಲಿ ತೀರಿಕೊಂಡಳು. ಮಗುವೂ ಉಳಿಯಲಿಲ್ಲ. ಇದು ನಾನು ಸೊಸೆಯಾಗಿ ಬರುವುದಕ್ಕೆ ಮುಂಚಿನ ಮಾತು. ಮನೆಯಲ್ಲಿ ಅವಳ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ, ನಾನೂ ಕೇಳಲಿಲ್ಲ.

ಐದನೇ ತಿಂಗಳಲ್ಲಿ ಆಸ್ಪತ್ರೆಯ ಸಿಸ್ಟರ್ ನನ್ನ ಬೆರಳು ಚುಚ್ಚಿ ನೋಡಿ, ತಾಯಿ ಕಾರ್ಡಿನಲ್ಲಿ ಎಂಟೂವರೆ ಅಂತ ಬರೆದು ಅದರ ಸುತ್ತ ಕೆಂಪು ಗೆರೆ ಎಳೆದರು. "ರಕ್ತ ಕಮ್ಮಿ ಐತೆ. ಇನ್ನೂ ಇಳಿದ್ರೆ ಜೀವಕ್ಕೇ ಸಂಚಕಾರ" ಅಂದರು. ಕಬ್ಬಿಣದ ಮಾತ್ರೆ ಕೊಟ್ಟರು. ಅಂದು ರಾತ್ರಿ ಅತ್ತೆ ತಮ್ಮ ಊಟದ ತಟ್ಟೆಯನ್ನು ಮುಟ್ಟದೆ ಹಾಗೇ ಎತ್ತಿಟ್ಟರು.

ನನ್ನ ಗಂಡ ಮರುದಿನವೇ ಚಳ್ಳಕೆರೆಗೆ ಹೋಗಿ ದೊಡ್ಡದೊಂದು ಮಲ್ಟಿವಿಟಮಿನ್ ಡಬ್ಬಿ ತಂದರು. ಕಬ್ಬಿಣ, ಸತು, ಕ್ಯಾಲ್ಸಿಯಂ, ಇನ್ನೂ ಏನೇನೋ ಒಂದೇ ಮಾತ್ರೆಯಲ್ಲಿ. ಅದನ್ನೂ ಆಸ್ಪತ್ರೆಯ ಮಾತ್ರೆಯನ್ನೂ ಸೇರಿಸಿ ಒಂದು ಲೋಟ ಹಾಲಿನಲ್ಲಿ ನುಂಗಿ, ಮೇಲೆ ಟೀ ಕುಡಿಯುತ್ತಿದ್ದೆ. ಎಷ್ಟು ಒಳಗೆ ಹೋದರೆ ಅಷ್ಟು ಒಳ್ಳೆಯದು ಅನ್ನುವ ಲೆಕ್ಕ. ಮುಂದಿನ ತಿಂಗಳು ರಕ್ತ ಎಂಟಕ್ಕೆ ಇಳಿದಿತ್ತು.

"ಅಯ್ಯೋ ನಿನ್ನ! ಹಾಲು, ಟೀ ಜೊತೆ ತಗಂಡ್ರೆ ಹೊಳೇಲಿ ಹುಣಿಸೇಹಣ್ಣು ತೊಳ್ದಂಗೆ" ಅಂತ ಸಿಸ್ಟರ್ ಬೈದರು. ನುಂಗಿದ್ದೆಲ್ಲ ಮೈಗೆ ಹತ್ತುವುದಿಲ್ಲವಂತೆ. ಕರುಳಿನಲ್ಲಿ ಕಬ್ಬಿಣ ಒಳಗೆ ಹೋಗುವ ಬಾಗಿಲು ಸಣ್ಣದು. ಕ್ಯಾಲ್ಸಿಯಂ ಬಂದು ಅದಕ್ಕೆ ಅಡ್ಡ ನಿಲ್ಲುತ್ತದೆ, ಟೀಯ ಒಗರು ಕಬ್ಬಿಣವನ್ನು ಹಿಡಿದುಕೊಂಡು ಬಿಡುತ್ತದೆ. ನಿಂಬೆರಸ ಕುಡಿದರೆ ಬಾಗಿಲು ಸಲೀಸು. ಡಬ್ಬಿ ಪಕ್ಕಕ್ಕಿಟ್ಟು, ಕ್ಯಾಲ್ಸಿಯಂ ರಾತ್ರಿ ಬೇರೆ, ಕಬ್ಬಿಣ ಬೆಳಿಗ್ಗೆ ಬೇರೆ ತಗೋ ಅಂದರು. ಚಾಚೂ ತಪ್ಪದೆ ಹಾಗೇ ಮಾಡಿದೆ. ಗಂಡ ದಿನಾ ನಿಂಬೆಹಣ್ಣು ಹಿಂಡಿಕೊಟ್ಟರು. ಟೀ ಬಿಟ್ಟು ತಲೆನೋವು ತಂದುಕೊಂಡೆ. ಸಾಲದ್ದಕ್ಕೆ ಮೆಟ್ಟಿಲು ಹತ್ತಿದರೆ ಎದೆ ಡವಡವ ಅನ್ನುವುದು, ಉಗುರು ಬೆಳ್ಳಗಾಗುವುದು ಬೇರೆ ಶುರುವಾಯಿತು. ಪಕ್ಕದ ಮನೆಯ ಮುದುಕಿ ಬಾಗಿಲಲ್ಲೇ ನಿಂತು ನನ್ನನ್ನು ನೋಡಿ, "ಆ ಕೋಣೆ ಸರಿ ಇಲ್ಲ ಕಣವ್ವ. ಅವಳೂ ಹಿಂಗೇ ಬೆಳ್ಳಗಾದ್ಲು. ಒಳಗೆ ಏನೋ ಕುಡೀತೈತೆ" ಅಂದಳು. ನಾನು ಗದರಿ ಕಳಿಸಿದೆ. ಆದರೆ ಮಾತು ಕೋಣೆಯಲ್ಲೇ ಉಳಿಯಿತು.

ಈಗ ಗೋಡೆಯ ವಿಷಯ, ಐದನೇ ತಿಂಗಳಲ್ಲೇ ಶುರುವಾದದ್ದು. ಮಟಮಟ ಮಧ್ಯಾಹ್ನ ಎಲ್ಲರೂ ಹೊಲಕ್ಕೆ ಹೋದ ಮೇಲೆ ಆ ಕೋಣೆಯಲ್ಲಿ ಮೊದಲ ಮಳೆಯ ವಾಸನೆ ಬರುತ್ತಿತ್ತು. ಹೊರಗೆ ನೆಲ ಕಾದ ಹೆಂಚು, ಮೋಡದ ಚೂರೂ ಇಲ್ಲ. ಬಾಯಲ್ಲಿ ನೀರೂರುತ್ತಿತ್ತು. ವಾಸನೆ ಹುಡುಕಿಕೊಂಡು ಹೋದರೆ ವಾಡೆಯ ಹಿಂದೆ, ನೆಲದ ಮೇಲೆ ಕೂತರೆ ಸರಿಯಾಗಿ ಬಾಯಿಯ ಎತ್ತರಕ್ಕೆ, ಗೋಡೆಯಲ್ಲಿ ಹಿಡಿಯಷ್ಟಗಲದ ಒಂದು ಗೂಡು. ಅಂಚಿನಲ್ಲಿ ಬೆರಳು ಎಳೆದ ಗೆರೆಗಳು. ನನ್ನ ನಾಲ್ಕು ಬೆರಳು ಇಟ್ಟೆ. ಸರಿಯಾಗಿ ಕೂತವು. ಒಂದು ಚೂರು ಕೆರೆದು ನಾಲಿಗೆಯ ಮೇಲಿಟ್ಟುಕೊಂಡೆ. ಆಹಾ, ಆ ರುಚಿಯನ್ನು ಏನಂತ ಹೇಳಲಿ! ಆಮೇಲೆ ದಿನಾ ತಿಂದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ.

ಒಂದು ವಾರ ಕಳೆದಿರಬೇಕು. ಮಧ್ಯಾಹ್ನ ಹೋಗಿ ಕೂತೆ. ಗೂಡು ತುಂಬಿತ್ತು.

ನಾನು ತೋಡಿದಷ್ಟೂ ತುಂಬಿ, ನುಣ್ಣಗೆ ಸವರಿತ್ತು. ಮುಟ್ಟಿದರೆ ಇನ್ನೂ ಹಸಿ. ಎದ್ದು ಬಂದು ಮಂಚದ ಮೇಲೆ ಗೋಡೆಗೆ ಬೆನ್ನು ಮಾಡಿ ಮಲಗಿದೆ. ಹತ್ತು ನಿಮಿಷವೂ ತಡೆಯಲಿಲ್ಲ, ವಾಪಸ್ಸು ಹೋಗಿ ಕೆರೆದೆ. ಮರುದಿನ ಮತ್ತೆ ತುಂಬಿತ್ತು. ಅದರ ಮರುದಿನವೂ. ಮೊದಲಿನ ಮಣ್ಣಿನಲ್ಲಿ ಕಲ್ಲು, ಹೊಟ್ಟು ಸಿಗುತ್ತಿದ್ದವು. ಈಗಿನದು ಹಿಟ್ಟಿನಷ್ಟು ನಯ, ಬೆಂಕಿ ಕಂಡ ವಾಸನೆ ಬೇರೆ. ಯಾರೋ ನನಗೆಂದೇ ಅಡುಗೆ ಮಾಡಿಡುತ್ತಿದ್ದಾರೆ ಅನ್ನಿಸಿತು. ಕೇಳೋಣವೆಂದರೆ ಯಾರನ್ನು ಕೇಳುವುದು? ಕೇಳಿದರೆ ನಾನು ತಿನ್ನುವುದನ್ನೂ ಹೇಳಬೇಕಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ನಾದಿನಿಯದೇ ಕೈ ಇದು, ತನ್ನ ಜೊತೆಗೆ ನನ್ನನ್ನೂ ಕರೆಯುತ್ತಿದ್ದಾಳೆ ಅನ್ನುವಷ್ಟು ದೂರ ಹೋಯಿತು ನನ್ನ ಬುದ್ಧಿ. ಓದಿದವಳು ನಾನು! ಹೆದರಿಕೊಂಡೇ ತಿಂದೆ. ನಿಲ್ಲಿಸಲು ಮಾತ್ರ ಆಗಲಿಲ್ಲ.

ಏಳನೇ ತಿಂಗಳಲ್ಲಿ ಅತ್ತೆಯೂ ನನ್ನ ಜೊತೆ ಆಸ್ಪತ್ರೆಗೆ ಬಂದರು. ರಕ್ತ ಏಳಕ್ಕೆ ಬಂದಿತ್ತು. ಸಿಸ್ಟರ್ ಕಾರ್ಡನ್ನೂ ನನ್ನನ್ನೂ ನೋಡಿದರು. ಕಣ್ಣಿನ ರೆಪ್ಪೆ ಎಳೆದರು, ಉಗುರು ನೋಡಿದರು.

"ಮಾತ್ರೆ ನುಂಗ್ತಿದೀಯಾ, ಬಿಸಾಕ್ತಿದೀಯಾ?"

"ಒಂದಿನಾನೂ ತಪ್ಸಿಲ್ಲ ಸಿಸ್ಟರ್."

"ಮಣ್ಣು, ಬೂದಿ, ಬಳಪ ಏನಾದ್ರೂ ತಿಂತೀಯಾ?"

"ಇಲ್ಲ" ಅಂದೆ.

ಪಕ್ಕದ ಬೆಂಚಿನಿಂದ ಅತ್ತೆ ನಕ್ಕರು. "ಯಾಕೆ ಸುಳ್ಳು ಹೇಳ್ತೀಯೇ ಹುಡುಗಿ? ತಿಂತಾಳೆ ಸಿಸ್ಟ್ರೇ. ಬಯಕೆ ಅಲ್ವಾ, ಬ್ಯಾಡ ಅನ್ನಕಾಗ್ತೈತಾ? ಗೋಡೆ ಮಣ್ಣು ಕೆಟ್ಟದ್ದು ಅಂತ ನಾನೇ ಹುತ್ತದ ಮಣ್ಣು ತಂದು, ಜರಡಿ ಹಿಡ್ದು, ಹೆಂಚಿನ ಮ್ಯಾಲೆ ಬೆಚ್ಚಗೆ ಮಾಡಿ, ಕಲಸಿ ತುಂಬಿಡ್ತೀನಿ. ಇವ್ಳಿಗೆ ನಾಚ್ಕೆ, ಅದಕ್ಕೇ ಹೇಳಿಲ್ಲ. ನನ್ನ ಮಗಳಿಗೂ ಹಿಂಗೇ ಮಾಡಿಡ್ತಿದ್ದೆ. ಆ ಗೂಡು ಅವಳು ತೋಡಿದ್ದೇ."

ದೆವ್ವವಲ್ಲ, ಅತ್ತೆ. ಉಸಿರು ಬಿಡಬೇಕಿತ್ತು ನಾನು. ಬಿಡಲಾಗಲಿಲ್ಲ, ಯಾಕೆಂದರೆ ಸಿಸ್ಟರ್ ಪೆನ್ನು ಕೆಳಗಿಟ್ಟಿದ್ದರು.

"ಅಮ್ಮಾ, ಮಣ್ಣು ಹೊಟ್ಟೇಲಿ ಸುಮ್ನೆ ಇರಲ್ಲ" ಅಂದರು ನಿಧಾನಕ್ಕೆ. "ನುಂಗಿದ ಕಬ್ಬಿಣಾನ ಅಪ್ಪಿಕೊಂಡು ಹೊರಗೆ ಹೊತ್ಕೊಂಡು ಹೋಗ್ತೈತೆ. ಮೈಗೆ ಹತ್ತಕ್ಕೆ ಬಿಡಲ್ಲ. ರಕ್ತ ಕಮ್ಮಿ ಆದ್ರೆ ಮಣ್ಣಿನ ಆಸೆ ಹೆಚ್ತೈತೆ, ಮಣ್ಣು ತಿಂದ್ರೆ ರಕ್ತ ಇನ್ನೂ ಕಮ್ಮಿ ಆಗ್ತೈತೆ. ಇವತ್ತಿಂದ ಒಂದು ಚೂರೂ ಕೊಡಬ್ಯಾಡಿ."

ಅತ್ತೆಯ ಮುಖದಲ್ಲಿ ನಗು ಹಾಗೇ ಇತ್ತು, ತೆಗೆಯುವುದನ್ನು ಮರೆತವರಂತೆ. "ಆತು ಬಿಡಮ್ಮ" ಅಂದರು. ಬಸ್ಸಿನಲ್ಲಿ ಊರು ಬರುವ ತನಕ ನನ್ನ ಕೈ ಹಿಡಿದೇ ಇದ್ದರು. ಮನೆಗೆ ಬಂದವರೇ ಸೀರೆ ಕೂಡ ಬದಲಿಸದೆ ನನ್ನ ಮಂಚವನ್ನು ಮುಂದಿನ ಕೋಣೆಗೆ ಎಳೆದರು, ಹಿಂದಿನ ಬಾಗಿಲಿಗೆ ಬೀಗ ಹಾಕಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮಣ್ಣು ಬಿಡುವುದು ಸುಲಭವಿರಲಿಲ್ಲ. ಬೀಗದ ಬಾಗಿಲಿಗೆ ಮೂಗು ಒತ್ತಿಕೊಂಡು ನಿಂತ ಮಧ್ಯಾಹ್ನಗಳಿವೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಡಾಕ್ಟರು ಕಬ್ಬಿಣವನ್ನು ನರಕ್ಕೇ ಡ್ರಿಪ್ ಹಾಕಿಸಿದರು, ಕರುಳಿನ ಬಾಗಿಲಿನ ಗೊಡವೆಯೇ ಬೇಡವೆಂದು. ಆಮೇಲೆ ಮಾತ್ರೆ ನುಂಗಿಸುವ ಕೆಲಸ ಅತ್ತೆ ತಾವೇ ಹಿಡಿದರು. ನಿಂಬೆರಸದ ಲೋಟ ಕೊಟ್ಟು ಎದುರಿಗೆ ಕೂತು, ನುಂಗಿದ ಮೇಲೆ ಬಾಯಿ ತೆರೆಸಿ ನೋಡುತ್ತಿದ್ದರು. ಒಂಬತ್ತನೇ ತಿಂಗಳಿಗೆ ರಕ್ತ ಹತ್ತು ದಾಟಿತು. ಚಳ್ಳಕೆರೆಯಲ್ಲಿ ಹೆಣ್ಣುಮಗು ಹುಟ್ಟಿತು. ಇಬ್ಬರೂ ಉಳಿದೆವು.

ಮಗುವಿಗೆ ಹದಿನೈದು ದಿನ. ಅತ್ತೆ ಕಾಲು ಚಾಚಿ ಕೂತು ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದರು. ತಲೆ ಎತ್ತದೆ ಕೇಳಿದರು.

"ನೀನು ಓದ್ದೋಳು. ನಿಜ ಹೇಳು. ನನ್ನ ಮಗಳನ್ನ ನಾನೇ ಕೊಂದೆನಾ?"

ಬೇರೆ ಯಾರೇ ಆಗಿದ್ದರೂ ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೆ. "ಇಲ್ಲ ಅತ್ತೆ" ಅಂದೆ. "ಅದಕ್ಕೆ ನೂರು ಕಾರಣ ಇರ್ತಾವೆ. ಅವರು ಎಷ್ಟು ತಿಂದಿದ್ರೋ ಏನೋ. ಬಸುರಿ ಕೇಳಿದ್ದನ್ನ ಕೊಟ್ರಿ, ಅಷ್ಟೇ. ಯಾವ ತಾಯಿ ಆದ್ರೂ ಕೊಡ್ತಿದ್ಲು."

ಅತ್ತೆ ಮಗುವಿನ ಅಂಗೈ ಬಿಡಿಸಿ, ಒಂದೊಂದೇ ಬೆರಳಿಗೆ ಎಣ್ಣೆ ಹಚ್ಚಿದರು.

"ಅವಳು ಕೇಳ್ಲಿಲ್ಲ ಕಣವ್ವ. ಕೊನೇ ತಿಂಗಳು ಸಾಕವ್ವ, ಸೇರಲ್ಲ ಅಂದ್ಲು. ಬಯಕೆ ಅರ್ಧಕ್ಕೆ ಬಿಟ್ರೆ ಮಗೀನ ಕಿವಿ ಸೋರ್ತೈತೆ ಅಂತ, ಅವಳ ತಲೆ ಹಿಡ್ಕಂಡು ನಾನೇ ಬಾಯಿಗಿಟ್ಟೆ."