ಗಿರಿಗೌಡ ಮಾವನ ಹಿಂದಿನ ಗಾಲಿ

ನನ್ನ ಸೋದರಮಾವ ಗಿರಿಗೌಡ ತನ್ನ ಕಾರಿನ ಮುಂಭಾಗವನ್ನಷ್ಟೇ ರೇಷ್ಮೆ ಕರವಸ್ತ್ರದಿಂದ ಒರೆಸುತ್ತಿದ್ದ. ಹಿಂಭಾಗದ ಕೆಸರು ವಾರಗಟ್ಟಲೆ ಹಾಗೇ ಒಣಗಿರುತ್ತಿತ್ತು. ನಿಜಾಮರ ಕಾಲದ ಲಿಂಗಸುಗೂರಿನಲ್ಲಿ ಎರಡೇ ಆಸನದ ಆ ರೇಸಿನ ಕಾರು ಬಂತೆಂದರೆ ಕಚೇರಿಯವರೂ ಹೊರಗೆ ಬಂದು ನಿಲ್ಲುತ್ತಿದ್ದರು. "ಓಡದ ಕಾರು ಯಾಕ ಬೇಕಲೇ ಶಾರಿ? ಬಂಡಿ ಸಾಕಲ್ಲ!" ಎಂದು ಮಾವ ನನ್ನತ್ತ ನೋಡಿ ನಗುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿ, ಸಿಂಧನೂರಿಗೆ ಮದುವೆ ಮಾಡಿಕೊಟ್ಟವನೂ ಅವನೇ. ಆ ನಗು ನನಗೆ ಬಹಳ ಇಷ್ಟವಿತ್ತು.

ಯುದ್ಧದ ದಿನಗಳಲ್ಲಿ ಟೈರು ಸಿಗುತ್ತಿರಲಿಲ್ಲ. ಯಾರದೋ ಸಿಫಾರಸಿನಿಂದ ಎರಡು ಹೊಸವು ಬಂದವು. ಮಾವ ಅವನ್ನು ಮುಂದೆ ಹಾಕಿಸಿದ.

ನನ್ನ ಮಗಳ ತೊಟ್ಟಿಲಿಗೆ ಮಾವನೂ ಅವನ ಹೆಂಡತಿ ನೀಲಮ್ಮತ್ತೆಯೂ ಬಂದಿದ್ದರು. ಮರುದಿನ ಹೊರಡುವ ಹೊತ್ತಿಗೆ ಮಳೆ ಸುರಿದು ನಿಂತಿತ್ತು. ಅತ್ತೆ ಕಾರಿನ ಹಿಂದೆ ಹೋಗಿ ನಿಂತಳು.

"ಹಿಂದಿನವು ಪೂರಾ ನುಣ್ಣಗಾಗ್ಯಾವ್ರೀ. ಮೊನ್ನಿ ಹಸಿ ರಸ್ತಾದಾಗ ಹೆಂಗ ಜಾರಿತು, ಮರತ್ರೇನು? ನಾ ನಾಳಿ ಮೋಟಾರಿಗೆ ಬರ್ತೀನಿ."

"ಗೌಡನ ಹೇಣ್ತಿ ಬಾಡಿಗಿ ಮೋಟಾರಿನ್ಯಾಗ ಬಂದ್ಳು ಅಂತಾರ. ಹತ್ತು. ಮುಂದಿನವು ಹೊಸವು ಅದಾವ. ಹಿಂದಿಂದು ಯಾರು ನೋಡ್ತಾರ?"

ಅತ್ತೆ ನನ್ನ ಮಗುವಿನ ಕೆನ್ನೆ ಸವರಿ ಹತ್ತಿ ಕೂತಳು.

ಮಸ್ಕಿಯ ಹತ್ತಿರ ಹಳ್ಳಕ್ಕಿಳಿಯುವ ತಿರುವಿನಲ್ಲಿ ಕಾರು ಮಗುಚಿತು. ಸುದ್ದಿ ತಿಳಿದು ನನ್ನ ಗಂಡ ಓಡಿದರು. ಮುಂದಿನ ಗಾಲಿಗಳ ಹಲ್ಲು ಕೆಸರಿನಲ್ಲಿ ಒತ್ತಿ ಮೂಡಿದ್ದವಂತೆ. ಹಿಂದಿನವು ಸಾರಿಸಿದ ಹಾಗೆ ಅಡ್ಡಕ್ಕೆ ಜಾರಿಕೊಂಡು ಹೋಗಿದ್ದವಂತೆ. ಮುಂಭಾಗ ತಿರುವನ್ನು ಹಿಡಿದಿತ್ತು, ಹಿಂಭಾಗ ಹಿಡಿದಿರಲಿಲ್ಲ. ಅತ್ತೆ ಅಲ್ಲೇ ಹೋಗಿಬಿಟ್ಟಿದ್ದಳು. ಮಾವನ ಮೊಣಕೈ ತರಚಿತ್ತು, ಅಷ್ಟೇ. ಪಕ್ಕದ ಹೊಲದಲ್ಲಿ ಬಂಡಿ ಬಿಟ್ಟಿದ್ದ ಹನುಮಪ್ಪನೆಂಬ ರೈತ ಅವನನ್ನು ಹೊರಗೆಳೆದಿದ್ದ.

ಪೊಲೀಸ್ ಅಮೀನ ಬಂದಾಗ ಮಾವ ಹೇಳಿದ್ದು ಒಂದೇ ಮಾತು: "ಇವನ ಬಂಡಿ ಅಡ್ಡ ಬಂತು."

"ನನ್ನ ಬಂಡಿ ಹೊಲದಾಗ ಅದರೀ ಎಪ್ಪಾ, ಎತ್ತು ಸೈತ ಹೂಡಿಲ್ಲ!" ಎಂದು ಹನುಮಪ್ಪ ಕೈಮುಗಿದ. ಕಂಡದ್ದನ್ನು ನನ್ನ ಗಂಡನೂ ಹೇಳಿದರು. ಗೌಡನ ಮಾತಿನೆದುರು ಯಾರ ಮಾತೂ ನಿಲ್ಲಲಿಲ್ಲ. ಹನುಮಪ್ಪ ಜೇಲಿಗೆ ಹೋದ.

ಯುದ್ಧ ಮುಗಿದ ಮೇಲೆ ಒಂದು ಬೆಳಿಗ್ಗೆ ಮಾವ ನಮ್ಮ ಮನೆಯ ಮುಂದೆ ಕಾರು ನಿಲ್ಲಿಸಿದ.

"ಬಾರಲೇ ಶಾರಿ, ರಿಪೇರಿ ಮಾಡಿಸೀನಿ. ಈಗ ನಾಕೂ ಹೊಸವು."

"ಅತ್ತಿ ಇದ್ದಾಗ ಹಾಕಿಸಬೇಕಿತ್ತು."

"ಆಕಿ ಅಂಜಿ ನನ್ನ ಕೈ ಹಿಡದ್ಳು. ಅದಕ್ಕ ಕಾರು ತಿರುಗಿತು."

ತಪ್ಪನ್ನು ಹೋದವಳ ಮೇಲೂ ಹಾಕಿದ.

"ಬರ್ತೀನಿ ಮಾವಾ. ಆದ್ರ ಸೀದಾ ಠಾಣಾಕ್ಕ ಹೋಗೋಣು. ಬಂಡಿ ಅಡ್ಡ ಬರಲಿಲ್ಲ ಅಂತ ಹೇಳು. ಆ ಮನಷ್ಯಾ ಇನ್ನಾ ಒಳಗ ಅದಾನ."

ಮಾವ ನನ್ನನ್ನೇ ನೋಡಿದ. ಆ ನಗು ಬರಲಿಲ್ಲ. ಕಾರು ಚಾಲೂ ಮಾಡಿ ಹೊರಟುಹೋದ. ನಾನು ಅವನನ್ನು ಕಂಡದ್ದು ಅದೇ ಕೊನೆ. ಮಾವ ತೀರಿಕೊಂಡಾಗ ಕರೆಯಲು ಆಳು ಬಂದಿದ್ದ; ಅವನಿಗೆ ಊಟಕ್ಕಿಟ್ಟು ವಾಪಸು ಕಳಿಸಿದೆ.