ಸೊಪ್ಪಿನವಳ ‘ಸುಮ್ನೆ’

ಆ ಮೇಷ್ಟ್ರ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ಬರೆಯುತ್ತಲೂ ಇಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಅಕ್ಷರ ಕೋಳಿ ಕೆರೆದ ಹಾಗಿವೆ. ಅವರು ನನ್ನ ಮೇಲೆ ಒಂದು ಪುಸ್ತಕವನ್ನೇ ಬರೆದರು. ನಾನು ಅವರ ಮೇಲೆ ಎರಡು ಹಾಳೆ ಬರೆದರೆ ತಪ್ಪಿಲ್ಲ.

ಎಪ್ಪತ್ತರ ದಶಕದಲ್ಲಿ ಯಶವಂತಪುರದ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಿದ್ದೆ. ದಿನಾ ಮುಂಜಾನೆ ಹೆಬ್ಬಾಳ ಕೆರೆಯ ಹಿಂದಿನ ತೋಟಕ್ಕೆ ಹೋಗಿ, ಸೊಪ್ಪಿನ ಮಡಿಯಲ್ಲಿ ನಿಂತು, ಯಾವ ಸೊಪ್ಪು ಎಷ್ಟು ಕಟ್ಟು ಎಂದು ಅಲ್ಲೇ ತೀರ್ಮಾನ ಮಾಡಬೇಕು. ತಪ್ಪಿದರೆ ಸಂಜೆಗೆ ಎಲ್ಲ ದನದ ಬಾಯಿಗೆ. ಅರ್ಧ ಬುಟ್ಟಿ ಮಾತ್ರ ದಿನಾ ಒಂದು ಕಾಲೇಜಿನ ಹಾಸ್ಟೆಲ್ಲಿಗೆ ಹೋಗುತ್ತಿತ್ತು. ದೊಡ್ಡ ಕಂಪನಿ ನಡೆಸುವುದು ಹೇಗೆಂದು ಹುಡುಗರಿಗೆ ಕಲಿಸುವ ಕಾಲೇಜು ಅದು. ಜೋರು ಮಳೆ ಹಿಡಿದು ಮಾರ್ಕೆಟ್ಟಿಗೆ ಜನ ಬಾರದ ದಿನವೂ ನನ್ನ ಮನೆಯ ಒಲೆ ಉರಿದದ್ದು ಆ ಅರ್ಧ ಬುಟ್ಟಿಯಿಂದ.

ಮೇಷ್ಟ್ರು ಆ ಕಾಲೇಜಿನವರೇ. ವ್ಯಾಪಾರದವರು ಹೇಗೆ ಯೋಚನೆ ಮಾಡುತ್ತಾರೆ ಎಂದು ಸಂಶೋಧನೆ ಮಾಡುತ್ತೇನೆ ಎಂದರು. ಗೋಣಿಚೀಲ ಕೊಟ್ಟೆ, ಕೂತರು. ಒಂದು ಇಡೀ ಮಳೆಗಾಲ ಕೊಡೆ ಹಿಡಿದು ಕೂತರು. ನನ್ನ ಚಹಾ ಕುಡಿದರು.

“ಇವತ್ತು ದಂಟು ಯಾಕಮ್ಮ ಕಮ್ಮಿ ತಂದ್ರಿ?”

“ಸುಮ್ನೆ.”

“ಅಗಸೆ ಸೊಪ್ಪು ಯಾಕೆ ಜಾಸ್ತಿ?”

“ಸುಮ್ನೆ ಕಣಪ್ಪ.”

ನನ್ನ ಎಡಕ್ಕೆ ಒಂದು ಮೊಳ ದೂರದಲ್ಲಿ ನನ್ನ ವಾರಗಿತ್ತಿಯ ಬುಟ್ಟಿ. ಅವಳೂ ಸೊಪ್ಪಿನವಳೇ. ಸೊಪ್ಪು ಆಯುವ ಹಾಗೆ ನಟಿಸುತ್ತಾ ಕಿವಿ ಮಾತ್ರ ಇತ್ತ ಬಿಟ್ಟಿರುತ್ತಿದ್ದಳು. ಕೂತ ಜಾಗದಲ್ಲಿ ವ್ಯಾಪಾರದ ಗುಟ್ಟು ಬಾಯಿ ಬಿಡುವ ಹೆಂಗಸು ನಮ್ಮ ಮಾರ್ಕೆಟ್ಟಿನಲ್ಲಿ ಇರಲಿಲ್ಲ. ಅಲ್ಲಿ ಯಾರು ಏನೇ ಕೇಳಲಿ, ಸುಮ್ನೆ ಎನ್ನುವುದು. ಕೇಳಿದವನು ನಕ್ಕು ಹೋಗುವುದು. ಈ ಪುಣ್ಯಾತ್ಮ ಹೋಗಲಿಲ್ಲ, ಬರೆದುಕೊಂಡರು.

ಅವಳನ್ನೂ ಕೇಳಿದರು. ಅವಳು ಒಂದು ಪ್ರಶ್ನೆಗೆ ಮೂರು ಕಾರಣ ಕೊಟ್ಟಳು, ಮೂರೂ ಸುಳ್ಳು.

“ನೋಡಕ್ಕ, ಮೇಷ್ಟ್ರು ನಂದು ಮೂರು ಹಾಳೆ ಬರ್ಕೊಂಡ್ರು,” ಎಂದು ನನಗೆ ಕೇಳುವ ಹಾಗೆ ನಕ್ಕಳು.

ಪುಸ್ತಕವಾಯಿತು, ಅವರಿಗೆ ಡಾಕ್ಟರ್ ಪಟ್ಟ ಬಂತು. ಹಾಸ್ಟೆಲ್ಲಿನ ಅಡುಗೆಮನೆ ನೋಡಿಕೊಳ್ಳುವವನು ನನ್ನ ಬುಟ್ಟಿ ಇಳಿಸಿಕೊಳ್ಳದೆ ಬಾಗಿಲಲ್ಲೇ ನಿಲ್ಲಿಸಿದ.

“ನಾಳೆಯಿಂದ ಬೇಡಮ್ಮ. ನೀವು ಯೋಚನೆ ಇಲ್ದೆ ತೋಚಿದ ಹಾಗೆ ವ್ಯಾಪಾರ ಮಾಡ್ತೀರಂತೆ, ಮೇಷ್ಟ್ರು ಬರೆದವ್ರೆ. ಲೆಕ್ಕಾಚಾರ ಇರೋರು ಬೇಕಂತೆ.”

ಲೆಕ್ಕಾಚಾರ ಇರುವವಳು ಯಾರು? ನನ್ನ ವಾರಗಿತ್ತಿ. ಎಂಟು ವರ್ಷ ನನ್ನ ಕಣ್ಣ ಮುಂದೆಯೇ ಅವಳು ಆ ಅರ್ಧ ಬುಟ್ಟಿ ಹೊತ್ತು ಹೋದಳು. ನಾನು ಮಾರ್ಕೆಟ್ಟು ಮುಗಿಸಿ ಕಂಡವರ ಮನೆಗಳಲ್ಲಿ ಪಾತ್ರೆ ತೊಳೆದೆ. ತೊಳೆದ ಒಂದೊಂದು ಪಾತ್ರೆಗೂ ಮೇಷ್ಟ್ರ ಮುಖ ಕಂಡಿದೆ, ಚೆನ್ನಾಗಿ ಉಜ್ಜಿದ್ದೇನೆ.

ಎಂಬತ್ತರ ದಶಕದಲ್ಲಿ ಒಂದು ದಿನ ಅವರೇ ಬಂದರು. ಹೊಟ್ಟೆ ಬಂದಿತ್ತು. ಅವರಿಗೆ ದೊಡ್ಡ ಹುದ್ದೆ ಕೊಡಬೇಕೋ ಬೇಡವೋ ಎಂದು ನೋಡಲು ಹೊರಗಿನಿಂದ ಹಿರಿಯರು ಬರುತ್ತಾರಂತೆ. ಅವರ ಮುಂದೆ ಕ್ಲಾಸಿನಲ್ಲಿ ನನ್ನನ್ನು ತೋರಿಸಬೇಕಂತೆ.

“ಏನಿಲ್ಲಮ್ಮ, ಕೇಳಿದ್ದಕ್ಕೆ ಆವತ್ತಿನ ಹಾಗೆ ಹೇಳಿದ್ರೆ ಸಾಕು.”

“ಹಾಸ್ಟೆಲ್ ಸೊಪ್ಪು ನಂಗೆ ವಾಪಸ್ ಕೊಡುಸ್ತೀರಾ?”

“ಅದು ನನ್ನ ಕೈಲಿಲ್ಲಮ್ಮ.”

“ಬರೆಯೋವಾಗ ಕೈಲಿತ್ತಲ್ಲ ಸ್ವಾಮಿ.”

ಅವರು ಗಡಿಯಾರ ನೋಡಿಕೊಂಡರು. ಕ್ಲಾಸಿಗೆ ಬರುತ್ತೇನೆ ಎಂದೆ.

ಒಗೆದ ಸೀರೆ ಉಟ್ಟು ಹೋದೆ. ಕ್ಲಾಸಿನ ತುಂಬ ಹುಡುಗರು, ಮುಂದಿನ ಸಾಲಿನಲ್ಲಿ ಹಿರಿಯರು. ಒಬ್ಬರು ಬಿಳಿ ಕೂದಲಿನವರು ಕನ್ನಡದಲ್ಲೇ ಕೇಳಿದರು:

“ಅಗಸೆ ಸೊಪ್ಪು ಕೆಲವು ದಿನ ಮಾತ್ರ ಜಾಸ್ತಿ ತರ್ತಿದ್ರಂತಲ್ಲ, ಯಾಕೆ?”

ಮೇಷ್ಟ್ರು ನನ್ನ ‘ಸುಮ್ನೆ’ಗಾಗಿ ಸೀಮೆಸುಣ್ಣ ಹಿಡಿದು ಬೋರ್ಡಿನ ಹತ್ತಿರ ನಿಂತಿದ್ದರು.

“ಏಕಾದಸಿ ಉಪವಾಸ ಇದ್ದ ಬ್ರಾಂಬ್ರ ಮನೇಲಿ ದ್ವಾದಸಿ ದಿನ ಅದು ಆಗ್ಲೇಬೇಕು. ಸುಕ್ರವಾರ ಮುಸಲ್ಮಾನರ ಮನೇಲಿ ಬಿರಿಯಾನಿ, ಪುದೀನ ಎರಡು ಪಾಲು. ರಾತ್ರಿ ಮಳೆ ಉಯ್ದಿದ್ರೆ ದಂಟಿಗೆ ಮಣ್ಣು ಮೆತ್ತಿರ್ತದೆ, ತೊಳ್ಯೋಕೆ ಸೋಮಾರಿತನ, ಯಾರೂ ಮುಟ್ಟಲ್ಲ. ಅದ್ಕೆ ಕಮ್ಮಿ ತರೋದು.”

ಬಿಳಿ ಕೂದಲಿನವರು ಮೇಷ್ಟ್ರ ಪುಸ್ತಕ ತಿರುವಿ ನೋಡಿದರು.

“ಇದನ್ನೆಲ್ಲ ಇವರಿಗೆ ಯಾಕೆ ಹೇಳಲಿಲ್ಲ?”

“ಎಂಗೆ ಏಳ್ಲಿ? ಪಕ್ಕದಲ್ಲಿ ವಾರಗಿತ್ತಿ ಕೂತಿದ್ಲು. ಒಂದಿನ ಮನೆ ತಾವ ಬಂದು ಕೇಳಿದ್ರೆ ಏಳ್ತಿದ್ದೆ.”

“ಮತ್ತೆ ಒಂದು ಮಳೆಗಾಲ ಪೂರ್ತಿ ಇವರು ನಿಮ್ಮ ಪಕ್ಕ ಏನ್ ಮಾಡ್ತಿದ್ರು?”

“ಸುಮ್ನೆ ಕೂತಿದ್ರು.”

ಮೊದಲು ನಕ್ಕದ್ದು ಹಿಂದಿನ ಬೆಂಚಿನವರು. ಆಮೇಲೆ ಎಲ್ಲರೂ. ಮೇಷ್ಟ್ರ ಕೈಯ ಸೀಮೆಸುಣ್ಣ ಮುರಿಯಿತು. ಅವರ ಮುಖವನ್ನು ತೃಪ್ತಿಯಾಗುವಷ್ಟು ನೋಡಿಯೇ ಎದ್ದು ಬಂದೆ.

ದೊಡ್ಡ ಹುದ್ದೆ ಅವರಿಗೆ ಸಿಗಲಿಲ್ಲ. ತಿಂಗಳು ಕಳೆಯುವ ಮೊದಲು ಹಾಸ್ಟೆಲ್ಲಿನವನು ಬಂದು ನನ್ನ ಅರ್ಧ ಬುಟ್ಟಿ ನನಗೇ ಒಪ್ಪಿಸಿದ. ಹೋದ ಎಂಟು ವರ್ಷವನ್ನು ಮಾತ್ರ ಯಾರೂ ವಾಪಸ್ ಕೊಡಲಿಲ್ಲ.

ಆಮೇಲೊಂದು ದಿನ ಮೇಷ್ಟ್ರು ಮಾರ್ಕೆಟ್ಟಿಗೆ ಬಂದು ನನ್ನ ಬುಟ್ಟಿಯ ಮುಂದೆ ನಿಂತರು.

“ನನಗೆ ಯಾಕಮ್ಮ ಹಾಗೆ ಮಾಡಿದ್ರಿ?”

ಕಾರಣ ಬೇಕಾದಷ್ಟಿತ್ತು. ಆದರೆ ಎಡಕ್ಕೆ ನನ್ನ ವಾರಗಿತ್ತಿ ಸೊಪ್ಪು ಆಯುತ್ತಾ ಕಿವಿ ಇತ್ತ ಬಿಟ್ಟಿದ್ದಳು. ನಾನು ಯಾವತ್ತೂ ಹೇಳುವುದನ್ನೇ ಹೇಳಿದೆ.